ಆಕ್ಸಲಿನ ಗುಟ್ಟು ತುದಿಯಲ್ಲಿದೆ

ಚೆನ್ನೈನ ಉತ್ತರದ ಅಂಚಿನ ಎಣ್ಣೂರಿನಲ್ಲಿ ಲಾರಿ ಕಟ್ಟುವ ಕೆಲಸ ಶುರುವಾಗಿ ಏಳು ದಶಕಗಳು ದಾಟಿವೆ. 1948ರಲ್ಲಿ ರಘುನಂದನ್ ಸರನ್ ಸ್ಥಾಪಿಸಿದ ಅಶೋಕ್ ಮೋಟರ್ಸ್ ಮೊದಮೊದಲು ಆಸ್ಟಿನ್ ಕಾರುಗಳನ್ನು ಜೋಡಿಸುತ್ತಿತ್ತು. ಇಂಗ್ಲೆಂಡಿನ ಲೇಲ್ಯಾಂಡ್ ಜೊತೆಗೂಡಿದ ಮೇಲೆ ಲಾರಿಗಳತ್ತ ಹೊರಳಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂದು ಹೆಸರು ಬದಲಿಸಿಕೊಂಡಿತು. ಇದೇ ಕಂಪನಿ 1990ರ ದಶಕದಿಂದ ಸೇನೆಗೆ ಕೊಡುತ್ತ ಬಂದ ಸ್ಟಾಲಿಯನ್ ಲಾರಿ ಇಂದು ದೇಶದ ಯಾವ ಕಂಟೋನ್ಮೆಂಟಿಗೆ ಹೋದರೂ ಕಣ್ಣಿಗೆ ಬೀಳುತ್ತದೆ. ಜರ್ಮನಿಯ ಮಾನ್ ಕಂಪನಿಯ ವಿನ್ಯಾಸದಲ್ಲಿ ನಮ್ಮಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿಯ ಜಾಗಕ್ಕೆ ಬಂದ ವಾಹನ ಅದು. ಬಿಡಿಭಾಗಗಳು ಕಂಪನಿಯಿಂದ ಹೊರಟು ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಜೋಡಣೆಯಾಗುತ್ತಿದ್ದವು. ಸ್ಟಾಲಿಯನ್ ಒಂದನ್ನು ಅದೇ ಭಾರ ಹೊರುವ ಮಾಮೂಲಿ ಸರಕು ಲಾರಿಯ ಪಕ್ಕ ನಿಲ್ಲಿಸಿ ನೋಡಿ. ಸೇನೆಯ ಲಾರಿ ಗಮನಾರ್ಹವಾಗಿ ಎತ್ತರಕ್ಕಿದೆ, ಮುಂದಿನ ಚಕ್ರದ ನಡುವಿನಿಂದ ದಪ್ಪನೆಯ ಹಬ್ ಹೊರಗೆ ಚಾಚಿದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಚಕ್ರ ಸರಕು ಲಾರಿಯದರಷ್ಟು ಹೊರಳುವುದಿಲ್ಲ. ಈ ಮೂರೂ ವ್ಯತ್ಯಾಸಗಳಿಗೆ ಕಾರಣ ಒಂದೇ ಭಾಗ: ಮುಂದಿನ ಆಕ್ಸಲ್. ಅದನ್ನು ಗುರುತಿಸುವುದು ಹೇಗೆ, ಎರಡು ಆಕ್ಸಲ್‌ಗಳನ್ನು ಎದುರುಬದುರಿಟ್ಟು ಯಾವುದು ಮೇಲು ಎಂದು ಹೇಳುವುದು ಹೇಗೆ ಎಂಬ ಪ್ರಶ್ನೆಗೆ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ನಡುವಿನ ಉಬ್ಬನ್ನು ನೋಡಿ ಎಂಬುದು. ಉಬ್ಬು ದೊಡ್ಡದಿದ್ದರೆ ಒಳಗಿನ ಕ್ರೌನ್ ವೀಲ್ ದೊಡ್ಡದು, ಕ್ರೌನ್ ವೀಲ್ ದೊಡ್ಡದಿದ್ದರೆ ಆಕ್ಸಲ್ ಗಟ್ಟಿ. ಹಿಂದಿನ ಆಕ್ಸಲಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಮುಂದಿನದಕ್ಕೆ ಸಾಲದು. ಮುಂದಿನ ಆಕ್ಸಲಿನ ಯೋಗ್ಯತೆಯನ್ನು ನಿರ್ಧರಿಸುವುದು ಅದರ ಎರಡು ತುದಿಗಳು, ಅಂದರೆ ಚಕ್ರದ ಒಳಬದಿಯಲ್ಲಿ ಅಡಗಿರುವ ಕೀಲು ಎಂಬುದೇ ಈ ಅಧ್ಯಾಯದ ವಾದ.

ಆಕ್ಸಲಿಗೆ ಒಪ್ಪಿಸಿದ ಕೆಲಸಗಳಿಂದ ಶುರು ಮಾಡೋಣ. ಸರಕು ಲಾರಿಯ ಹಿಂದಿನ ಆಕ್ಸಲಿಗೆ ಎರಡು ಕೆಲಸ: ಭಾರ ಹೊರುವುದು, ಚಕ್ರ ತಿರುಗಿಸುವುದು. ಮುಂದಿನದಕ್ಕೂ ಎರಡೇ: ಭಾರ ಹೊರುವುದು, ದಿಕ್ಕು ಬದಲಿಸುವುದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಲಾರಿಯಲ್ಲಿ ಮಾತ್ರ ಮುಂದಿನ ಆಕ್ಸಲ್ ಈ ಮೂರನ್ನೂ ಒಟ್ಟಿಗೆ ಮಾಡಬೇಕು. ಮೈಸೂರಿನಲ್ಲಿ 1981ರಲ್ಲಿ ಕಲ್ಯಾಣಿ ಸಮೂಹ ಮತ್ತು ಅಮೆರಿಕದ ರಾಕ್‌ವೆಲ್ ಜೊತೆಗೂಡಿ ಕಟ್ಟಿದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ನಮ್ಮ ಲಾರಿಗಳಿಗೆ ಹಿಂದಿನ ಆಕ್ಸಲ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಅಂಥ ಎರಡು ಆಕ್ಸಲ್‌ಗಳನ್ನು ಹೋಲಿಸಬೇಕಾದರೆ ಹೊರುವ ಭಾರ, ಕ್ರೌನ್ ವೀಲಿನ ವ್ಯಾಸ, ಹಲ್ಲುಗಳ ಅನುಪಾತ ಇಷ್ಟು ತಿಳಿದರೆ ಬಹುತೇಕ ಎಲ್ಲವೂ ತಿಳಿದಂತೆ. ಅಲ್ಲಿ ಶಾಫ್ಟು ನಡುವಿನಿಂದ ಚಕ್ರದವರೆಗೆ ಒಂದೇ ನೇರ ಉಕ್ಕಿನ ಸರಳು. ಬಗ್ಗುವ ಜಾಗವೇ ಇಲ್ಲ. ಮುಂದಿನ ಆಕ್ಸಲಿನಲ್ಲಿ ಅದೇ ಸರಳು ತಿರುಗುತ್ತಿರುವಾಗಲೇ 30 ಡಿಗ್ರಿಯಷ್ಟು ಬಾಗಿ, ಬಾಗಿದ ಕಡೆಯೂ ಅಷ್ಟೇ ಬಲವನ್ನು ದಾಟಿಸಬೇಕು. ಹಿಂದಿನ ಆಕ್ಸಲಿನ ಅಳತೆಗೋಲು ಇಲ್ಲಿ ಸೋಲುವುದು ಈ ಬಾಗುವಿಕೆಯಿಂದಲೇ.

ಬಾಗುವ ಜಾಗ ಉಳಿದೆಲ್ಲದರ ಆಕಾರವನ್ನೂ ಬದಲಿಸುತ್ತದೆ. ಮಾಮೂಲಿ ಲಾರಿಯ ಮುಂದಿನ ಆಕ್ಸಲ್ ಕುಲುಮೆಯಲ್ಲಿ ಬಡಿದು ಮಾಡಿದ ಗಟ್ಟಿ ತೊಲೆ. ನಡುವೆ ತಗ್ಗಿಸಿದ್ದರಿಂದ ಎಂಜಿನ್ ಅದರ ಮೇಲೆ ಕೆಳಮಟ್ಟದಲ್ಲೇ ಕೂರುತ್ತದೆ. ತೊಲೆಯ ತುದಿಯಲ್ಲಿ ಒಂದು ದಪ್ಪ ಕಿಂಗ್‌ಪಿನ್ ಮೇಲಿನಿಂದ ಕೆಳಗಿನವರೆಗೆ ಹಾಯುತ್ತದೆ. ಚಕ್ರ ದಿಕ್ಕು ಬದಲಿಸುವುದು ಅದರ ಸುತ್ತ. ಇದೇ ಆಕ್ಸಲಿಗೆ ಎಂಜಿನ್ನಿನ ಬಲವನ್ನೂ ಕೊಡಬೇಕೆಂದರೆ ತೊಲೆ ಟೊಳ್ಳಾಗಬೇಕು, ಒಳಗೆ ಶಾಫ್ಟು ಓಡಬೇಕು, ನಡುವೆ ಡಿಫರೆನ್ಷಿಯಲಿಗೆ ಜಾಗ ಬೇಕು. ತಗ್ಗಿಸಲು ಆಗುವುದಿಲ್ಲ, ಎಂಜಿನ್ನೇ ಮೇಲೇರಬೇಕು. ಸ್ಟಾಲಿಯನ್ನಿನ ಕ್ಯಾಬಿಗೆ ಹತ್ತಲು ಅಷ್ಟು ಎತ್ತರಕ್ಕೆ ಕಾಲಿಡಬೇಕಾದ ಒಂದು ಕಾರಣ ಇಲ್ಲಿದೆ. ತುದಿಯಲ್ಲಿ ಇನ್ನೂ ದೊಡ್ಡ ಬದಲಾವಣೆ ಕಾಣುತ್ತದೆ. ಕಿಂಗ್‌ಪಿನ್ ಹಾಯಬೇಕಾದ ಜಾಗದಲ್ಲೇ ಈಗ ಶಾಫ್ಟು ಹಾಯುವುದರಿಂದ ಪಿನ್ನನ್ನು ಎರಡು ತುಂಡು ಮಾಡಿ, ಶಾಫ್ಟಿನ ಮೇಲೊಂದು, ಕೆಳಗೊಂದು ಇಡುತ್ತಾರೆ. ಎರಡೂ ತುಂಡುಗಳ ನಡುವಿನ ಪೊಳ್ಳಿನಲ್ಲಿ ಕೀಲು ಕೂರುತ್ತದೆ. ಕೀಲಿನ ನಡುಬಿಂದು ಎರಡೂ ಪಿನ್ನುಗಳನ್ನು ಸೇರಿಸುವ ಗೆರೆಯ ಮೇಲೆಯೇ ಇರಬೇಕು. ಪಕ್ಕಕ್ಕೆ ಸರಿದಿದ್ದರೆ ಚಕ್ರ ತಿರುಗಿಸಿದಾಗಲೆಲ್ಲ ಶಾಫ್ಟು ಒಳಗೂ ಹೊರಗೂ ಎಳೆದಾಡಿ ಬೇರಿಂಗನ್ನೂ ಆಯಿಲ್ ಸೀಲನ್ನೂ ಹಾಳು ಮಾಡುತ್ತದೆ. ಹೀಗೆ ಕೀಲಿಗೆ ಸಿಗುವ ಜಾಗ ಪಿನ್ನುಗಳ ಅಂತರಕ್ಕೆ, ಬ್ರೇಕ್ ಡ್ರಮ್ಮಿಗೆ, ರಿಮ್ಮಿನ ಒಳಸುತ್ತಿಗೆ ಕಟ್ಟುಬಿದ್ದಿದೆ. ನಡುವಿನ ಉಬ್ಬನ್ನು ದೊಡ್ಡದು ಮಾಡುವುದು ಸುಲಭ, ನೆಲದಿಂದ ಎತ್ತರ ಸ್ವಲ್ಪ ಕಡಿಮೆಯಾದೀತು ಅಷ್ಟೆ. ಕೀಲನ್ನು ದೊಡ್ಡದು ಮಾಡಲು ಹೊರಟರೆ ಚಕ್ರ, ಬ್ರೇಕು, ಸ್ಟಿಯರಿಂಗ್ ಮೂರನ್ನೂ ಹೊಸದಾಗಿ ವಿನ್ಯಾಸ ಮಾಡಬೇಕಾಗುತ್ತದೆ.

ಕೀಲುಗಳಲ್ಲಿ ಎಲ್ಲಕ್ಕಿಂತ ಹಳೆಯದು, 17ನೇ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರಿನೊಂದಿಗೆ ಬಂದಿರುವ ಕೀಲು. ಎರಡು ಕವಲುಗಳ ನಡುವೆ ಒಂದು ಶಿಲುಬೆಯಾಕಾರದ ತುಂಡು. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಕ್ರಾಸ್. ಲಾರಿಯ ಹೊಟ್ಟೆಯಡಿಯ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಗಳಲ್ಲಿ ಇದನ್ನು ಎಲ್ಲರೂ ನೋಡಿರುತ್ತಾರೆ. ಅಗ್ಗ, ಗಟ್ಟಿ, ರಸ್ತೆ ಬದಿಯಲ್ಲೇ ಬದಲಿಸಬಹುದಾದ ಭಾಗ. ಅದರ ದೋಷ ಗಣಿತದ್ದು. ಕೀಲು ಬಾಗಿದಾಗ ಒಳಗಿನ ಶಾಫ್ಟು ಸಮವೇಗದಲ್ಲಿ ತಿರುಗಿದರೂ ಹೊರಗಿನದು ಒಂದೊಂದು ಸುತ್ತಿನಲ್ಲಿ ಎರಡು ಬಾರಿ ಚುರುಕಾಗಿ ಎರಡು ಬಾರಿ ನಿಧಾನವಾಗುತ್ತದೆ. ಏರಿಳಿತದ ಮಿತಿ ಬಾಗಿದ ಕೋನದ ಕೊಸೈನ್ ಮೇಲೆ ನಿಂತಿದೆ. 10 ಡಿಗ್ರಿಗೆ ವ್ಯತ್ಯಾಸ ಶೇಕಡಾ ಒಂದೂವರೆಯಷ್ಟು. ಯಾರ ಗಮನಕ್ಕೂ ಬಾರದು. 30 ಡಿಗ್ರಿಗೆ ಕೊಸೈನ್ 0.866. ಅಂದರೆ ಒಳಗಿನ ಶಾಫ್ಟು ನಿಮಿಷಕ್ಕೆ 100 ಸುತ್ತು ಹಾಕುತ್ತಿದ್ದರೆ ಚಕ್ರದ ವೇಗ 87ರಿಂದ 115ರ ನಡುವೆ ಹೊಯ್ದಾಡುತ್ತದೆ. ಟನ್ನುಗಟ್ಟಲೆ ಭಾರದಡಿ ನೆಲಕ್ಕೆ ಒತ್ತಿಕೊಂಡಿರುವ ಟೈರಿಗೆ ಹಾಗೆ ಹೊಯ್ದಾಡಲು ಆಗುವುದಿಲ್ಲ. ಹೊಯ್ದಾಟವೆಲ್ಲ ಶಾಫ್ಟಿನ ತಿರುಚುವಿಕೆಯಾಗಿ, ಸ್ಟಿಯರಿಂಗಿನ ಅದುರುವಿಕೆಯಾಗಿ, ಕ್ರಾಸಿನ ಸೂಜಿ ಬೇರಿಂಗುಗಳ ಮೇಲೆ ಬೀಳುವ ಪೆಟ್ಟಾಗಿ ಖರ್ಚಾಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಎರಡು ಕ್ರಾಸುಗಳು ಒಂದರ ದೋಷವನ್ನು ಇನ್ನೊಂದು ಅಳಿಸುವಂತೆ ಕೂಡಿಸಬಹುದು. ಆಕ್ಸಲಿನ ತುದಿಯಲ್ಲಿ ಒಂದೇ ಕ್ರಾಸಿದ್ದರೆ ಆ ಅನುಕೂಲವಿಲ್ಲ.

1920ರ ದಶಕದಲ್ಲಿ ಈ ತೊಡಕಿಗೆ ಮೂರು ಕಡೆಯಿಂದ ಮೂರು ಉತ್ತರಗಳು ಬಂದವು. ಅಮೆರಿಕದ ಕಾರ್ಲ್ ವೈಸ್ ನಾಲ್ಕು ಉಕ್ಕಿನ ಗುಂಡುಗಳನ್ನು ಬಾಗಿದ ಕಾಲುವೆಗಳಲ್ಲಿ ಕೂರಿಸಿದರು. ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನಾಯ್ ಗುಂಡುಗಳೇ ಇಲ್ಲದೆ, ಒಂದರೊಳಗೊಂದು ಜಾರುವ ತುಂಡುಗಳಿಂದ ಟ್ರಾಕ್ಟಾ ಎಂಬ ಕೀಲನ್ನು ಮಾಡಿದರು. ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಆರು ಗುಂಡುಗಳನ್ನು ಒಂದು ಪಂಜರದಲ್ಲಿ ಹಿಡಿದಿಟ್ಟರು. ಎಷ್ಟೇ ಬಾಗಿದರೂ ಆರೂ ಗುಂಡುಗಳು ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ನಿಲ್ಲುವಂತೆ ಅದರ ರಚನೆ. ಆ ಸಮತಲದಲ್ಲಿ ನಿಂತ ಗುಂಡಿಗೆ ಎರಡೂ ಶಾಫ್ಟುಗಳಿಂದ ಸಮಾನ ದೂರ, ಆದ್ದರಿಂದ ಎರಡರ ವೇಗವೂ ಸಮಾನ. ಮೂರೂ ಸಮವೇಗದ ಕೀಲುಗಳೇ ಆದರೂ ಗುಣ ಬೇರೆ. ವೈಸ್ ಕೀಲಿನಲ್ಲಿ ಲಾರಿ ಮುಂದೆ ಹೋಗುವಾಗ ನಾಲ್ಕರಲ್ಲಿ ಎರಡೇ ಗುಂಡುಗಳು ಹೊರೆ ಹೊರುತ್ತವೆ, ಹಿಂದೆ ಹೋಗುವಾಗ ಉಳಿದೆರಡು. ಝೆಪ್ಪಾ ಕೀಲಿನಲ್ಲಿ ಆರೂ ದುಡಿಯುತ್ತವೆ. ಅದೇ ಗಾತ್ರಕ್ಕೆ ಹೆಚ್ಚು ಬಾಳಿಕೆ. ಟ್ರಾಕ್ಟಾದ್ದು ಉರುಳುವಿಕೆ ಅಲ್ಲ, ಉಜ್ಜುವಿಕೆ. ಬಲವುಂಟು, ಬಿಸಿಯೂ ಹೆಚ್ಚು. ಭಾರೀ ಲಾರಿಗಳಲ್ಲಿ ನಾಲ್ಕನೆಯ ಬಗೆಯೂ ಬಳಕೆಯಲ್ಲಿದೆ: ಎರಡು ಕ್ರಾಸುಗಳನ್ನು ಒಂದು ಗಿಡ್ಡ ಕವಲಿನಿಂದ ಬೆನ್ನಿಗೆ ಬೆನ್ನು ಜೋಡಿಸಿ 30 ಡಿಗ್ರಿಯನ್ನು ಹದಿನೈದು ಹದಿನೈದಾಗಿ ಹಂಚುವುದು. ಸಮವೇಗಕ್ಕೆ ತೀರಾ ಹತ್ತಿರ, ಹಳೆಯ ಕ್ರಾಸಿನ ಗಟ್ಟಿತನವೂ ಉಳಿಯುತ್ತದೆ.

ಈ ವ್ಯತ್ಯಾಸ ಹೊರಗಿನಿಂದ ಎಷ್ಟು ಅಡಗಿರುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಜೀಪಿಗಿಂತ ಒಳ್ಳೆಯ ಸಾಕ್ಷಿ ಬೇಡ. ಯುದ್ಧದ ಅವಸರದಲ್ಲಿ ಯಾವ ಕಾರ್ಖಾನೆ ಯಾವ ಕೀಲು ಕೊಡಬಲ್ಲದೋ ಅದನ್ನು ಹಾಕಿದರು. ಹೀಗಾಗಿ ಒಂದೇ ಮಾದರಿಯ ಮುಂದಿನ ಆಕ್ಸಲಿನೊಳಗೆ ಕೆಲವು ಜೀಪುಗಳಲ್ಲಿ ವೈಸ್, ಕೆಲವುಗಳಲ್ಲಿ ಝೆಪ್ಪಾ, ಕೆಲವುಗಳಲ್ಲಿ ಟ್ರಾಕ್ಟಾ, ಇನ್ನು ಕೆಲವುಗಳಲ್ಲಿ ಸಾದಾ ಕ್ರಾಸ್. ಹೊರಗೆ ಅದೇ ಹೌಸಿಂಗ್, ಅದೇ ಉಬ್ಬು, ತುದಿಯಲ್ಲಿ ಅದೇ ಲೋಹದ ಗೋಳ. ಆ ಜೀಪಿನ ವಂಶವೇ 1947ರಲ್ಲಿ ಮಹೀಂದ್ರಾ ಮೂಲಕ ಮುಂಬೈಗೆ ಬಂದು, ಮುಂದೆ ಕೊಡಗಿನ ಮತ್ತು ಮಲೆನಾಡಿನ ಎಸ್ಟೇಟುಗಳ ಏರುದಾರಿಗಳಲ್ಲಿ ಬೇರು ಬಿಟ್ಟಿತು. ನಡುವಿನ ಉಬ್ಬನ್ನಷ್ಟೇ ನೋಡುವವರಿಗೆ ಆ ನಾಲ್ಕೂ ಒಂದೇ ಆಕ್ಸಲ್. ಕೆಸರಿನಲ್ಲಿ ಸಿಕ್ಕಿ, ಚಕ್ರವನ್ನು ಪೂರ್ತಿ ತಿರುಗಿಸಿಕೊಂಡು ಹೊರಬರಬೇಕಾದ ಚಾಲಕನಿಗೆ ಅವು ನಾಲ್ಕು ಬೇರೆ ಬೇರೆ ಆಕ್ಸಲ್‌ಗಳು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸಮವೇಗದ ಕೀಲು ಅಷ್ಟು ಮೇಲಾಗಿದ್ದರೆ ಸಾದಾ ಕ್ರಾಸ್ ಇಷ್ಟು ಕಾಲ ಏಕೆ ಉಳಿಯಿತು? ಉತ್ತರ ಲ್ಯಾಂಡ್ ರೋವರ್ ಇತಿಹಾಸದಲ್ಲಿದೆ. 1948ರಲ್ಲಿ ಅದು ಮೊದಲು ಬಂದಾಗ ಮುಂದಿನ ಚಕ್ರಗಳಿಗೆ ಬಲ ಸದಾ ಹೋಗುವ ವ್ಯವಸ್ಥೆಯಿತ್ತು, ಕೀಲು ಟ್ರಾಕ್ಟಾ. ಕೆಲವೇ ವರ್ಷಗಳಲ್ಲಿ, ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸುವ ವ್ಯವಸ್ಥೆ ಬಂತು. ಅದರ ಬೆನ್ನಿಗೆ ಕೀಲೂ ಸಾದಾ ಕ್ರಾಸಾಯಿತು. 1970ರ ರೇಂಜ್ ರೋವರ್ ನಾಲ್ಕೂ ಚಕ್ರಕ್ಕೆ ಸದಾ ಬಲ ಕೊಡುವ ಪದ್ಧತಿಗೆ ಮರಳಿದಾಗ ಸಮವೇಗದ ಕೀಲೂ ಮರಳಿತು. ಡಾಂಬರು ರಸ್ತೆಯಲ್ಲಿ ಮುಂದಿನ ಶಾಫ್ಟು ಹೊರೆಯಿಲ್ಲದೆ ಸುಮ್ಮನೆ ಸುತ್ತುತ್ತಿದ್ದರೆ ಕ್ರಾಸಿನ ಏರಿಳಿತದಿಂದ ಹಾನಿ ಕಡಿಮೆ. ಕೆಸರಲ್ಲಿ ಟೈರು ಹೇಗೂ ಜಾರುವುದರಿಂದ ಏರಿಳಿತ ಮಣ್ಣಿನಲ್ಲೇ ಕರಗುತ್ತದೆ. ಹಾಗಾಗಿ ಕ್ರಾಸು ಕೀಳು ಎನ್ನುವುದು ತಪ್ಪು. ಅದು ಇಂಥ ಕೆಲಸಕ್ಕೆ ಎಂದು ಒಪ್ಪಿಕೊಂಡ ಭಾಗ. ಕೀಲಿನ ಬಗೆ ತಿಳಿದರೆ ಆ ಲಾರಿಯನ್ನು ಯಾವ ನೆಲಕ್ಕಾಗಿ, ದಿನದ ಎಷ್ಟು ಪಾಲು ನಾಲ್ಕು ಚಕ್ರದ ಓಟಕ್ಕಾಗಿ ಮಾಡಿದರು ಎಂಬುದೂ ತಿಳಿದುಬರುತ್ತದೆ. ಕ್ರೌನ್ ವೀಲಿನ ವ್ಯಾಸ ಈ ವಿಷಯದಲ್ಲಿ ಏನನ್ನೂ ಹೇಳಲಾರದು.

ಎರಡನೇ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೀಲು ಯಾವುದೇ ಇರಲಿ, ಬಲವೆಲ್ಲ ಕ್ರೌನ್ ವೀಲು ಮತ್ತು ಅದನ್ನು ತಿರುಗಿಸುವ ಗೇರಾದ ಪಿನಿಯನ್ ಮೂಲಕವೇ ಬರಬೇಕಲ್ಲ, ಅದೇ ಸಣ್ಣದಾದರೆ ಕೀಲು ಗಟ್ಟಿಯಾಗಿದ್ದು ಏನು ಉಪಯೋಗ ಎಂಬ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಮುಂದಿನ ಆಕ್ಸಲಿನ ಮೇಲೆ 5 ಟನ್ ಭಾರವಿರುವ ಒಂದು ಲಾರಿಯನ್ನು ಊಹಿಸಿಕೊಳ್ಳಿ. ಒಂದು ಚಕ್ರದ ಪಾಲು 2,500 ಕಿಲೋ. ಒಣ ಗಟ್ಟಿ ನೆಲದಲ್ಲಿ ಟೈರಿನ ಹಿಡಿತದ ಗುಣಾಂಕ 0.7, ಟೈರಿನ ತ್ರಿಜ್ಯ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಟೈರು ಜಾರುವ ಮೊದಲು ಆ ಚಕ್ರ ತಾಳಬಲ್ಲ ತಿರುಚುಬಲ ಸುಮಾರು 8,500 ನ್ಯೂಟನ್-ಮೀಟರ್. ಎಂಜಿನ್ ಎಷ್ಟೇ ದೊಡ್ಡದಿರಲಿ, ಚಕ್ರ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳದ ಹೊರತು ಇದಕ್ಕಿಂತ ಹೆಚ್ಚು ಬಲ ಆ ತುದಿಗೆ ಹೋಗದು. ಈಗ ಎರಡು ಆಕ್ಸಲ್‌ಗಳನ್ನು ನೋಡಿ, ಎರಡರ ಒಟ್ಟು ಅನುಪಾತವೂ 6. ಒಂದರಲ್ಲಿ ಆ ಆರೂ ನಡುವಿನ ಕ್ರೌನ್ ವೀಲಿನಲ್ಲೇ ಮುಗಿಯುತ್ತದೆ. ಇನ್ನೊಂದರಲ್ಲಿ ನಡುವೆ 2 ಮಾತ್ರ. ಉಳಿದ 3 ಚಕ್ರದ ಹಬ್ಬಿನೊಳಗಿನ ಸಣ್ಣ ಗೇರುಗಳಲ್ಲಿ. ಮೊದಲನೆಯದರ ಕೀಲು ಪೂರ್ತಿ 8,500 ತಡೆಯಬೇಕು. ಎರಡನೆಯದರ ಕೀಲಿಗೆ ಬೀಳುವುದು ಅದರ ಮೂರನೇ ಒಂದು ಪಾಲು, 2,850ರಷ್ಟು; ಏಕೆಂದರೆ ಬಲ ಹೆಚ್ಚುವುದು ಕೀಲನ್ನು ದಾಟಿದ ಮೇಲೆ. ಹೊರಗಿನ ನೋಟಕ್ಕೆ ಎರಡನೆಯದರ ಉಬ್ಬು ಸಣ್ಣದು, ಆದ್ದರಿಂದ ಬಡಕಲು ಅನ್ನಿಸುತ್ತದೆ. ಕೆಲಸದಲ್ಲಿ ಅದೇ ಹೆಚ್ಚು ಬಾಳುತ್ತದೆ, ನೆಲದಿಂದ ಎತ್ತರವೂ ಹೆಚ್ಚು ಸಿಗುತ್ತದೆ. ಹಬ್ ಗೇರಿಗೂ ಬೆಲೆ ತೆರಬೇಕೆಂಬುದು ನಿಜ: ಚಕ್ರದ ತೂಕ ಹೆಚ್ಚುತ್ತದೆ, ಬ್ರೇಕಿನ ಪಕ್ಕದಲ್ಲೇ ಆಯಿಲ್ ಕಾಯುತ್ತದೆ, ಕೀಲು ಮೂರು ಪಟ್ಟು ವೇಗದಲ್ಲಿ ಸುತ್ತಬೇಕು. ಆದರೂ ಕಾಡು, ಕಲ್ಲುಗಣಿ, ಮರಳುಗಾಡಿನ ಲಾರಿಗಳಲ್ಲಿ ಈ ಪದ್ಧತಿ ಗೆದ್ದಿರುವುದಕ್ಕೆ ಮೇಲಿನ ಲೆಕ್ಕವೇ ಕಾರಣ.

ಕ್ರೌನ್ ವೀಲನ್ನು ನಂಬುವವರು ಮರೆಯುವ ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಿಂದಿನ ಆಕ್ಸಲಿನ ಪಿನಿಯನ್ ಲಾರಿಯ ಮೂತಿಯ ಕಡೆಗೆ ಮುಖ ಮಾಡಿರುತ್ತದೆ, ಮುಂದಿನದರ ಪಿನಿಯನ್ ಹಿಂದಕ್ಕೆ. ಎರಡೂ ಕಡೆ ಒಂದೇ ಗೇರ್ ಜೋಡಿ ಹಾಕಿದರೆ ಖರ್ಚು ಉಳಿಯುತ್ತದೆ, ಹಲವು ವಾಹನಗಳಲ್ಲಿ ಹಾಗೆಯೇ ಮಾಡಿದ್ದಾರೆ. ಆದರೆ ಆ ಜೋಡಿಯನ್ನು ಹಿಂದುಮುಂದಾಗಿ ಕೂರಿಸಿದ್ದರಿಂದ, ಲಾರಿ ಮುಂದಕ್ಕೆ ಹೋಗುವಾಗ ಮುಂದಿನ ಗೇರು ತನ್ನ ಮಟ್ಟಿಗೆ ಹಿಮ್ಮುಖವಾಗಿ ಸುತ್ತುತ್ತಿರುತ್ತದೆ. ಸುರುಳಿಯಾಗಿ ಕೊರೆದ ಹಲ್ಲುಗಳ ಎರಡು ಮುಖಗಳು ಸಮವಲ್ಲ. ಒಂದು ತಗ್ಗಿದ ಮುಖ, ಇನ್ನೊಂದು ಉಬ್ಬಿದ ಮುಖ. ಮುನ್ನಡೆಯ ಹೊರೆಗೆಂದು ಮಾಡಿದ ಮುಖದ ಬದಲು ಇಲ್ಲಿ ಇನ್ನೊಂದು ಮುಖ ದುಡಿಯುತ್ತದೆ, ಪಿನಿಯನ್ನನ್ನು ಹೊರದೂಡುವ ಒತ್ತಡವೂ ದಿಕ್ಕು ಬದಲಿಸುತ್ತದೆ. ಹೀಗಾಗಿ ಹಿಂದೆಯೂ ಮುಂದೆಯೂ ಅಂಗುಲಕ್ಕೆ ಅಂಗುಲ ಒಂದೇ ಅಳತೆಯ ಕ್ರೌನ್ ವೀಲಿದ್ದರೂ ಮುಂದಿನದರ ತಾಳಿಕೆ ಕಡಿಮೆ. ಇದನ್ನರಿತ ತಯಾರಕರು ಮುಂದಿನ ಆಕ್ಸಲಿಗೆಂದೇ ಸುರುಳಿಯ ದಿಕ್ಕು ತಿರುಗಿಸಿ ಕೊರೆದ ಗೇರುಗಳನ್ನು ಮಾಡುತ್ತಾರೆ. ಅಂಥ ಆಕ್ಸಲಿನಲ್ಲಿ ಪಿನಿಯನ್ ಕ್ರೌನ್ ವೀಲಿನ ನಡುಗೆರೆಗಿಂತ ಮೇಲೆ ಕೂರುವುದರಿಂದ, ಪ್ರೊಪೆಲ್ಲರ್ ಶಾಫ್ಟು ಉಬ್ಬಿನ ಮೇಲ್ಭಾಗಕ್ಕೆ ಸೇರುವುದನ್ನು ಹೊರಗಿನಿಂದಲೇ ಕಾಣಬಹುದು. ನಡುವಿನ ಉಬ್ಬಿನಲ್ಲಿ ನೋಡಲು ಯೋಗ್ಯವಾದದ್ದು ಇದು, ವ್ಯಾಸಕ್ಕಿಂತ ಹೆಚ್ಚಾಗಿ.

ನನ್ನ ವಾದವನ್ನು ಬಿಗಿಯಾಗಿ ಪರೀಕ್ಷಿಸಬಲ್ಲ ಉದಾಹರಣೆಯೊಂದು ಬೆಂಗಳೂರಿನ ಬಿಇಎಂಎಲ್ ಸಂಸ್ಥೆ 1980ರ ದಶಕದಿಂದ ಸೇನೆಗೆ ಕೊಟ್ಟ ಟಾಟ್ರಾ ಲಾರಿ. ಆಸ್ಟ್ರಿಯಾದ ಎಂಜಿನಿಯರ್ ಹಾನ್ಸ್ ಲೆಡ್ವಿಂಕಾ 1920ರ ದಶಕದಲ್ಲಿ ರೂಪಿಸಿದ ಪದ್ಧತಿ ಅದು: ಉದ್ದಕ್ಕೂ ಒಂದು ದಪ್ಪ ಕೊಳವೆಯೇ ಬೆನ್ನೆಲುಬು, ಅದರ ಎರಡೂ ಬದಿಗೆ ಅರ್ಧ ಆಕ್ಸಲ್‌ಗಳು ಬೇರೆಬೇರೆಯಾಗಿ ಮೇಲೆ ಕೆಳಗೆ ತೂಗುತ್ತವೆ. ಎಡಬಲಗಳನ್ನು ಸೇರಿಸುವ ಹೌಸಿಂಗೇ ಇಲ್ಲ. ಪ್ರತಿ ಬದಿಗೂ ತನ್ನದೇ ಪಿನಿಯನ್, ತನ್ನದೇ ಕ್ರೌನ್ ವೀಲ್. ಅರ್ಧ ಆಕ್ಸಲ್ ತೂಗಿದಾಗ ಕ್ರೌನ್ ವೀಲು ಪಿನಿಯನ್ನಿನ ಸುತ್ತ ಉರುಳಿಕೊಳ್ಳುವುದರಿಂದ ಒಳತುದಿಯಲ್ಲಿ ಕೀಲಿನ ಅಗತ್ಯವೂ ಬೀಳಲಿಲ್ಲ. ನಡುವಿನ ಉಬ್ಬಿನ ಅಳತೆಗೋಲನ್ನು ಹಿಡಿದು ಸ್ಟಾಲಿಯನ್ನಿನಂಥ ಲಾರಿಯನ್ನೂ ಟಾಟ್ರಾವನ್ನೂ ಹೋಲಿಸಲು ಹೋದರೆ ಹೋಲಿಸಲು ಏನೂ ಸಿಗುವುದಿಲ್ಲ. ಆದರೆ ಇಷ್ಟೆಲ್ಲ ಕಿತ್ತುಹಾಕಿದ ಲೆಡ್ವಿಂಕಾ ಪದ್ಧತಿಯಲ್ಲೂ ಮುಂದಿನ ಚಕ್ರದ ಒಳಬದಿಯ ಕೀಲು ಹಾಗೆಯೇ ಉಳಿದಿದೆ. ದಿಕ್ಕು ಬದಲಿಸುವ ಚಕ್ರಕ್ಕೆ ಬಲ ಕೊಡಬೇಕಾದ ಯಾವ ವಿನ್ಯಾಸವೂ ಅದನ್ನು ತಪ್ಪಿಸಿಕೊಳ್ಳಲಾರದು. ಎಲ್ಲ ಬಗೆಯ ಮುಂದಿನ ಆಕ್ಸಲ್‌ಗಳಲ್ಲೂ ಸಮಾನವಾಗಿರುವ ಭಾಗ ಅದೊಂದೇ ಆದ್ದರಿಂದ ಹೋಲಿಕೆಯ ಅಳತೆಗೋಲೂ ಅದೇ ಆಗಬೇಕು.

ಗುರುತಿಸಲು ಇಷ್ಟೆಲ್ಲ ಏಕೆ, ಆಕ್ಸಲಿನ ಮೇಲೆ ತಗಡಿನ ಪಟ್ಟಿಯಿದೆ, ಎರಕದ ನಂಬರಿದೆ, ಅದನ್ನು ಓದಿದರೆ ಸಾಲದೇ ಎನ್ನುವವರಿದ್ದಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಅದು ಸಾಕು. ಎಗ್ಮೋರಿನ ಪಕ್ಕದ ಪುದುಪೇಟೆಯಂಥ ಹಳೆ ಬಿಡಿಭಾಗಗಳ ಬೀದಿಗೆ ಒಂದು ಆಕ್ಸಲ್ ಬರುವ ಹೊತ್ತಿಗೆ ಪಟ್ಟಿ ಕಳಚಿರುತ್ತದೆ, ನಂಬರಿನ ಮೇಲೆ ಬಣ್ಣದ ಮೇಲೆ ಬಣ್ಣ ಕೂತಿರುತ್ತದೆ. ಉಳಿದಿದ್ದರೂ ಎರಕದ ನಂಬರು ಹೇಳುವುದು ಆ ಹೌಸಿಂಗ್ ಎರಕದ ಕಥೆಯನ್ನು ಮಾತ್ರ. ಒಳಗಿನ ಗೇರು, ಶಾಫ್ಟು, ಕೀಲುಗಳನ್ನು ಎಷ್ಟು ಸಲ ಬದಲಿಸಿದ್ದಾರೋ ಎರಕಕ್ಕೆ ಗೊತ್ತಿಲ್ಲ. ಆಗ ಕಣ್ಣು, ಕೈಯೇ ಆಧಾರ. ತುದಿಯಲ್ಲಿ ನುಣುಪಾದ ದೊಡ್ಡ ಲೋಹದ ಗೋಳವಿದ್ದು ಅದರ ಸುತ್ತ ಸೀಲಿನ ಪಟ್ಟಿ ಬೋಲ್ಟ್ ಆಗಿದ್ದರೆ ಅದು ಮುಚ್ಚಿದ ತುದಿ. ಹಳೆಯ ಜೀಪು, ಮಾರುತಿ ಜಿಪ್ಸಿಗಳದ್ದು ಈ ಬಗೆ. ಗೋಳವಿಲ್ಲದೆ ಕವಲಿನ ನಡುವೆ ಕ್ರಾಸು ಬಯಲಿಗೇ ಕಂಡರೆ ಅದು ತೆರೆದ ತುದಿ. ಚಕ್ರವನ್ನು ಪೂರ್ತಿ ತಿರುಗಿಸಿ ಟಾರ್ಚು ಹಿಡಿದರೆ ಒಂದು ಕ್ರಾಸೋ ಎರಡೋ ಎಣಿಸಬಹುದು. ಜಾಕಿ ಕೊಟ್ಟು ಚಕ್ರ ಎತ್ತಿ, ಹಾಗೇ ಓರೆಯಾಗಿ ಹಿಡಿದು ನಿಧಾನ ಸುತ್ತಿಸಿದಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ಕೈಗೆ ಬಿಗಿ ಹತ್ತಿ ಎರಡು ಸಲ ಸಡಿಲವಾದರೆ ಒಳಗಿರುವುದು ಒಂಟಿ ಕ್ರಾಸೇ ಇರಬಹುದು. ಗೋಳದ ಮೇಲ್ಮೈಯಲ್ಲಿ ಉದ್ದುದ್ದ ಗೀರುಗಳಿದ್ದು, ಸೀಲಿನ ಅಂಚಿನಲ್ಲಿ ಗ್ರೀಸು ಮರಳಿನೊಂದಿಗೆ ಕಲೆತು ಕರೀ ಕೆನೆಯಂತೆ ಕಟ್ಟಿಕೊಂಡಿದ್ದರೆ ಒಳಗಿನ ಗುಂಡುಗಳ ಕಾಲುವೆಗಳೂ ಸವೆದಿವೆ ಎಂದು ಊಹಿಸುವುದು ಕ್ಷೇಮ.

ಚೆನ್ನೈಯಲ್ಲಿ ಈ ಸೀಲಿನ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಕೆರೆಯ ನೀರು ಹರಿದು ಅಡ್ಯಾರ್ ನದಿ ಉಕ್ಕಿ ಊರು ಮುಳುಗಿದಾಗ ರಕ್ಷಣೆಗೆ ಇಳಿದವರಲ್ಲಿ ಸೇನೆಯೂ ಇತ್ತು. ಆ ನೀರಿನಲ್ಲಿ ಓಡಬಲ್ಲುದು ಎತ್ತರದ ವಾಹನಗಳು ಮಾತ್ರ. ದೂರ ಓಡಿ ಬಂದ ಲಾರಿಯ ಆಕ್ಸಲ್ ಬಿಸಿಯಾಗಿರುತ್ತದೆ. 80 ಡಿಗ್ರಿಯಲ್ಲಿದ್ದ ಒಳಗಿನ ಗಾಳಿ ನೀರಿಗಿಳಿದೊಡನೆ 30ಕ್ಕೆ ತಣಿದರೆ ಅದರ ಒತ್ತಡ ಶೇಕಡಾ 14ರಷ್ಟು ಕುಸಿಯುತ್ತದೆ. ಗಾಳಿಯಾಡಲು ಇಟ್ಟಿರುವ ಬ್ರೀದರ್ ಕಟ್ಟಿಕೊಂಡಿದ್ದರೆ ಆಕ್ಸಲ್ ಸೀಲುಗಳ ಮೂಲಕ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ನೀರು ಬೆರೆತ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನಡುವಿನ ಉಬ್ಬಿಗೆ ಇದರಿಂದ ಬರುವ ಕಷ್ಟ ಸಣ್ಣದು: ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ ಬದಲಿಸಿದರೆ ಮುಗಿಯಿತು. ತುದಿಯಲ್ಲಿ ಹಾಗಲ್ಲ. ಮುಚ್ಚಿದ ಗೋಳದೊಳಗೆ ಸೇರಿದ ನೀರು ಗ್ರೀಸಿನಲ್ಲಿ ಬೆರೆತು ಅಲ್ಲೇ ಕೂರುತ್ತದೆ, ಕೀಲನ್ನು ಪೂರ್ತಿ ಬಿಚ್ಚದೆ ಅದು ಹೊರಬರುವುದಿಲ್ಲ. ಕಾಲುವೆಗಳಲ್ಲಿ ತುಕ್ಕಿನ ಚುಕ್ಕೆ ಮೂಡಿದರೆ ಗುಂಡು ಅದರ ಮೇಲೆ ಉರುಳುತ್ತ ಚುಕ್ಕೆಯನ್ನು ಗುಳಿ ಮಾಡುತ್ತದೆ. ತೆರೆದ ತುದಿಯ ಕ್ರಾಸು ಇನ್ನೂ ಬೇಗ ಒದ್ದೆಯಾಗುತ್ತದೆ, ಆದರೆ ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ ಗನ್ನಿನಿಂದ ಹೊಸ ಗ್ರೀಸು ಒತ್ತಿ ಹಳೆಯದನ್ನು ಹೊರದೂಡಬಹುದು. ಉಪ್ಪುಗಾಳಿಯ ಕರಾವಳಿಯೂರಿನಲ್ಲಿ, ಹೆಚ್ಚು ದಿನ ನಿಂತೇ ಇರುವ ವಾಹನಕ್ಕೆ, ತೆರೆದ ತುದಿಯೇ ಮೇಲು ಎಂದು ನನಗನ್ನಿಸುತ್ತದೆ. ಮರಳುಗಾಡಿನಲ್ಲಿ ದಿನವೂ ಓಡುವ ವಾಹನಕ್ಕಾದರೆ ಮುಚ್ಚಿದ ತುದಿಯನ್ನೇ ಆರಿಸುತ್ತೇನೆ.

ಕೊನೆಯದಾಗಿ ಒಂದು ಗಂಭೀರ ತಕರಾರು: ಕೀಲು ಎಷ್ಟೇ ಚೆನ್ನಾಗಿರಲಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅನುಪಾತ ಹೊಂದದಿದ್ದರೆ ಲಾರಿಯೇ ಕೆಡುತ್ತದಲ್ಲ, ಹಾಗಾದರೆ ಮೊದಲ ಸ್ಥಾನ ಅನುಪಾತಕ್ಕೆ ಸಲ್ಲಬೇಡವೇ? ಹೊಂದಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಎರಡೂ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲದಿದ್ದರೆ ಮುಂದಿನ ಹಿಂದಿನ ಶಾಫ್ಟುಗಳು ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ. ಯುದ್ಧಕಾಲದ ಜೀಪಿನ ಅನುಪಾತ 39 ಹಲ್ಲಿಗೆ 8, ಅಂದರೆ 4.88, ಯುದ್ಧ ಮುಗಿದ ಮೇಲೆ ರೈತರಿಗೆಂದು ಮಾಡಿದ ಜೀಪಿನದು 43 ಹಲ್ಲಿಗೆ 8, ಅಂದರೆ 5.38. ಎರಡೂ ಒಂದೇ ಬಗೆಯ ಹೌಸಿಂಗಿನೊಳಗೆ ಕೂರುತ್ತವೆ. ಹಿಂದೊಂದು ಮುಂದೊಂದು ಹಾಕಿ ಡಾಂಬರಿನ ಮೇಲೆ ನಾಲ್ಕೂ ಚಕ್ರ ಜೋಡಿಸಿದರೆ ಪ್ರತಿ 100 ಮೀಟರಿಗೆ ಒಂದು ಜೊತೆ ಟೈರು 10 ಮೀಟರಿನಷ್ಟು ಉಜ್ಜಬೇಕು. ಉಜ್ಜಲಾಗದಿದ್ದರೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಮುರಿಯುವವರೆಗೆ. ಅನುಪಾತ ಸರಿಯಿದ್ದರೂ ತಿರುವಿನಲ್ಲಿ ಇದೇ ಪಾಡು: ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 4 ಮೀಟರ್ ಅಂತರವಿರುವ ಲಾರಿ ಮುಂದಿನ ಆಕ್ಸಲಿನ ಲೆಕ್ಕದಲ್ಲಿ 8 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಹಿಂದಿನ ಆಕ್ಸಲ್ ಸುತ್ತುವುದು 6.93 ಮೀಟರ್ ತ್ರಿಜ್ಯದಲ್ಲಿ, ಮುಂದಿನದು ಶೇಕಡಾ 15ರಷ್ಟು ಹೆಚ್ಚು ದೂರ ಓಡಬೇಕು. ಆ ತಿರುವಿಗೆ ಬೇಕಾದ ಕೋನ ಅದೇ 30 ಡಿಗ್ರಿ. ಶಾಫ್ಟಿನ ತಿರುಚುವಿಕೆ ಹೆಚ್ಚುವ ಹೊತ್ತಿಗೇ ಕೀಲೂ ಹೆಚ್ಚು ಬಾಗಿರುತ್ತದೆ, ಹಾಗಾಗಿ ಮೊದಲು ಮುರಿಯುವ ಭಾಗ ಬಹಳ ಸಲ ಕೀಲೇ. ಅನುಪಾತ ಹೊಂದಿಕೆಯ ಪ್ರಶ್ನೆ. ಹೌದು ಅಥವಾ ಇಲ್ಲ ಎಂಬ ಉತ್ತರದಲ್ಲಿ ಮುಗಿಯುವಂಥದ್ದು. ಎರಡು ಆಕ್ಸಲ್‌ಗಳಲ್ಲಿ ಯಾವುದು ಮೇಲೆಂದು ಅದು ಹೇಳುವುದಿಲ್ಲ. ಅದನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಮುಂದಿನ ಡ್ರೈವ್ ಬಿಡಿಸಿ, ಹಿಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಮುಂದಿನ ಒಂದು ಚಕ್ರವನ್ನಷ್ಟೇ ಜಾಕಿಯಿಂದ ಎತ್ತಬೇಕು; ಹಬ್ಬಿನಲ್ಲಿ ಲಾಕ್ ಇದ್ದರೆ ಅದನ್ನು ಹಾಕಿರಬೇಕು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ ಚಕ್ರವನ್ನು ಸರಿಯಾಗಿ ಎರಡು ಸುತ್ತು ಸುತ್ತಿಸಬೇಕು. ಇನ್ನೊಂದು ಚಕ್ರ ನೆಲದಲ್ಲೇ ನಿಂತಿರುವುದರಿಂದ ಕ್ರೌನ್ ವೀಲು ಸುತ್ತುವುದು ಒಂದೇ ಸುತ್ತು. ಅಷ್ಟರಲ್ಲಿ ಶಾಫ್ಟಿನ ಗುರುತು ಐದಕ್ಕೆ ಸ್ವಲ್ಪ ಮುಂಚೆ ನಿಂತರೆ 4.88, ಐದನ್ನು ದಾಟಿ ಸುಮಾರು ಅರ್ಧ ಸುತ್ತಿನ ಹತ್ತಿರ ನಿಂತರೆ 5.38. ಹಿಂದಿನ ಆಕ್ಸಲಿಗೂ ಹೀಗೆಯೇ ಎಣಿಸಿ, ಎರಡೂ ಸಂಖ್ಯೆಗಳು ಕೂಡಿದ ಮೇಲೆ ಚಕ್ರ ಬಿಚ್ಚಿ ಕೀಲಿನ ಕಡೆ ಹೋಗಬಹುದು.